ಮನೆಶಾಲೆ ಮತ್ತು ನೇರ ಆನ್‌ಲೈನ್ ಶಾಸ್ತ್ರೀಯ ಶಿಕ್ಷಣ: ಬಳ್ಳಾರಿ, ರಾಯಚೂರು, ಕೊಪ್ಪಳದ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಮನೆಯಲ್ಲೇ ಓದಿಸಬೇಕೆಂದು ಯೋಚಿಸುತ್ತಿರುವ ನಮ್ಮ ಭಾಗದ ಪಾಲಕರಲ್ಲಿ ಕೆಲವರು ಅಮೆರಿಕದ ನೇರ ಆನ್‌ಲೈನ್ ಶಾಸ್ತ್ರೀಯ ತರಗತಿಗಳತ್ತ, ಅಂದರೆ ಲ್ಯಾಟಿನ್, ತರ್ಕ, ಹೋಮರ್, ಪ್ಲೇಟೊಗಳನ್ನು ಓದಿಸುವ ತರಗತಿಗಳತ್ತ ನೋಡುತ್ತಿದ್ದಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಪಾಠದ ಬಗೆಗಿನವು, ಉಳಿದರ್ಧ ಕಾನೂನು ಮತ್ತು ಕಾಗದಪತ್ರಗಳ ಬಗೆಗಿನವು. ಎರಡನೆಯ ಬಗೆಯವನ್ನೇ ಇಲ್ಲಿ ಹೆಚ್ಚು ವಿಸ್ತಾರವಾಗಿ ಉತ್ತರಿಸಲಾಗಿದೆ. ಏಕೆಂದರೆ ಪಾಠದಲ್ಲಿ ಹಿಂದುಳಿದದ್ದನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು, ಆದರೆ ತಪ್ಪಿಹೋದ ವ್ಯಾಸಂಗ ಪ್ರಮಾಣಪತ್ರವನ್ನು ಹತ್ತು ವರ್ಷಗಳ ನಂತರ ಯಾರೂ ಬರೆದುಕೊಡಲಾರರು.

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ಭಾರತದಲ್ಲಿ ಕಾನೂನುಬದ್ಧವೇ?

ಇದಕ್ಕೆ ಒಂದೇ ಮಾತಿನಲ್ಲಿ ಹೌದು ಎಂದು ಹೇಳುವವರನ್ನೂ ಇಲ್ಲ ಎಂದು ಹೇಳುವವರನ್ನೂ ನಂಬಬೇಡಿ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 21ಎ ವಿಧಿಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಅದನ್ನು ಜಾರಿಗೆ ತರಲು ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿಯೊಬ್ಬ ಪಾಲಕರ ಕರ್ತವ್ಯ ಎಂದು ಈ ಕಾಯ್ದೆಯ 10ನೇ ಕಲಂ ಹೇಳುತ್ತದೆ. ಆದರೆ ಆ ಕರ್ತವ್ಯವನ್ನು ಪಾಲಿಸದ ತಂದೆತಾಯಿಗೆ ದಂಡವನ್ನಾಗಲಿ ಶಿಕ್ಷೆಯನ್ನಾಗಲಿ ಈ ಕಾಯ್ದೆ ವಿಧಿಸಿಲ್ಲ. ಮನೆಯಲ್ಲಿ ಓದಿಸುವುದನ್ನು ಅದು ಹೆಸರಿಸಿ ನಿಷೇಧಿಸಿಲ್ಲ, ಹೆಸರಿಸಿ ಅನುಮತಿಸಿಯೂ ಇಲ್ಲ. ಮನೆ ಆಧಾರಿತ ಶಿಕ್ಷಣ ಎಂಬ ಮಾತು ಕಾಯ್ದೆಯಲ್ಲಿ ಬರುವುದು ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳ ವಿಷಯದಲ್ಲಿ; 2012ರ ತಿದ್ದುಪಡಿ ಅವರಿಗೆ ಅದನ್ನು ಹಕ್ಕಾಗಿಯೇ ಕೊಟ್ಟಿದೆ.

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಶಾಲೆಗೆ ಕಾನೂನಿನ ಮನ್ನಣೆಯಿದೆ. ಹೀಗಾಗಿ ಅಲ್ಲಿನ ಸಂಸ್ಥೆಗಳು ತಮ್ಮ ಪ್ರಕಟಣೆಗಳಲ್ಲಿ ‘ಕಾನೂನುಬದ್ಧ’ ಎಂದು ಧೈರ್ಯವಾಗಿ ಬರೆದುಕೊಳ್ಳುತ್ತವೆ. ಆ ಮಾತು ಅಲ್ಲಿಗೆ ಸತ್ಯ. ಸಿಂಧನೂರಿನಲ್ಲಿ ಕುಳಿತ ಪಾಲಕರಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಕೇಂದ್ರದ ಕಾಯ್ದೆಯ ಜೊತೆಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೂ ಇದೆ. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಕುರಿತು ಅದರಲ್ಲಿರುವ ಭಾಗವನ್ನು ಒಬ್ಬ ವಕೀಲರ ಜೊತೆ ಕುಳಿತು ಓದಿಕೊಂಡ ಮೇಲೆಯೇ ನಿರ್ಧಾರಕ್ಕೆ ಬರುವುದು ಒಳ್ಳೆಯದು. ಹದಿನಾಲ್ಕು ತುಂಬಿದ ಮಗುವಿನ ವಿಷಯದಲ್ಲಿ ಇಷ್ಟು ತೊಡಕಿಲ್ಲ, ಏಕೆಂದರೆ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯದ ವಯೋಮಿತಿ ಅಲ್ಲಿಗೆ ಮುಗಿಯುತ್ತದೆ.

ಆನ್‌ಲೈನ್ ಸಂಸ್ಥೆಗೆ ಶುಲ್ಕ ಕಟ್ಟಿ ದಾಖಲು ಮಾಡಿದರೆ ಶಾಲೆಗೆ ಸೇರಿಸಿದಂತೆಯೇ ಆಗುವುದಿಲ್ಲವೇ?

ಆಗುವುದಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಶಾಲೆ ಎಂದರೆ ಇಲ್ಲಿ ಮಾನ್ಯತೆ ಪಡೆದ ಶಾಲೆ ಮಾತ್ರ. ವಿದೇಶದ ನೇರ ತರಗತಿ ಎಷ್ಟೇ ಉತ್ತಮವಾಗಿದ್ದರೂ ನಮ್ಮ ಕಾನೂನಿನ ಲೆಕ್ಕದಲ್ಲಿ ಅದು ಮನೆಪಾಠಕ್ಕೆ ಸಮ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ನಾಲ್ಕಾರು ಮನೆಗಳ ಮಕ್ಕಳನ್ನು ಒಂದೆಡೆ ಕೂಡಿಸಿ, ಶುಲ್ಕ ಪಡೆದು, ಶಾಲೆಯ ಹಾಗೆ ನಡೆಸಲು ಹೊರಟರೆ 18ನೇ ಕಲಂ ಅಡ್ಡ ಬರುತ್ತದೆ. ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ 1 ಲಕ್ಷ ರೂಪಾಯಿವರೆಗೆ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ನಿಮ್ಮ ಮಗುವನ್ನು ನಿಮ್ಮ ಮನೆಯಲ್ಲಿ ಓದಿಸುವುದು ಬೇರೆ, ಅಂಥ ಕೂಟವನ್ನು ನಡೆಸುವುದು ಬೇರೆ.

ಶಾಸ್ತ್ರೀಯ ಶಿಕ್ಷಣ ಎಂದರೆ ಏನು? ನೇರ ತರಗತಿಯಲ್ಲಿ ಏನು ನಡೆಯುತ್ತದೆ?

ಯುರೋಪಿನ ಮಧ್ಯಯುಗದ ವಿದ್ಯಾಲಯಗಳಲ್ಲಿ ಮೊದಲು ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರನ್ನೂ, ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕನ್ನೂ ಕಲಿಸುತ್ತಿದ್ದರು. ಇಂಗ್ಲೆಂಡಿನ ಲೇಖಕಿ ಡೊರೊತಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಆ ಮೊದಲ ಮೂರನ್ನು ಮಗುವಿನ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸಿ ತೋರಿಸಿದರು: ಚಿಕ್ಕವರು ಬಾಯಿಪಾಠವನ್ನು ಇಷ್ಟಪಡುವ ಹಂತ, ನಂತರ ಪ್ರತಿಯೊಂದಕ್ಕೂ ಎದುರು ಪ್ರಶ್ನೆ ಹಾಕುವ ಹಂತ, ಕೊನೆಗೆ ತಮ್ಮ ಮಾತನ್ನು ತಾವೇ ಕಟ್ಟಿ ಹೇಳಬಯಸುವ ಹಂತ. ಇಂದಿನ ಶಾಸ್ತ್ರೀಯ ಸಂಸ್ಥೆಗಳಲ್ಲಿ ಬಹಳಷ್ಟು ಈ ಕ್ರಮವನ್ನೇ ಹಿಡಿದಿವೆ. ಲ್ಯಾಟಿನ್ ಭಾಷೆ, ಯೂಕ್ಲಿಡ್‌ನ ರೇಖಾಗಣಿತ, ಹೋಮರ್ ಮತ್ತು ಪ್ಲೇಟೊ ಓದು, ವಿಧಿವತ್ತಾದ ತರ್ಕ ಇವು ಅಲ್ಲಿನ ಮುಖ್ಯ ಪಾಠಗಳು.

ನೇರ ತರಗತಿಯೆಂದರೆ ರೆಕಾರ್ಡ್ ಮಾಡಿಟ್ಟ ವಿಡಿಯೊ ಅಲ್ಲ. ಹತ್ತು ಹದಿನೈದು ಮಕ್ಕಳು ಒಂದೇ ಹೊತ್ತಿಗೆ ಪರದೆಯ ಮುಂದೆ ಕೂಡುತ್ತಾರೆ. ಶಿಕ್ಷಕರು ಓದಿ ಬಂದ ಭಾಗದಿಂದ ಒಂದು ಪ್ರಶ್ನೆ ಇಡುತ್ತಾರೆ. ಉತ್ತರ ಬಂದಾಗ ‘ಪುಸ್ತಕದಲ್ಲಿ ಅದು ಎಲ್ಲಿದೆ, ಸಾಲನ್ನು ಓದು’ ಎನ್ನುತ್ತಾರೆ. ಇನ್ನೊಂದು ಮಗು ಅದನ್ನು ಒಪ್ಪದಿದ್ದರೆ ಮಾತು ಬೆಳೆಯುತ್ತದೆ. ಈ ಪದ್ಧತಿಯ ಜೀವ ಇರುವುದು ಇಲ್ಲಿಯೇ, ಹೀಗಾಗಿ ಕ್ಯಾಮೆರಾ ಆರಿಸಿ ಸುಮ್ಮನೆ ಕೇಳಿಸಿಕೊಳ್ಳುವ ಮಗುವಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಸೇರಿಸುವ ಮೊದಲು ಮಾದರಿ ತರಗತಿಯೊಂದರಲ್ಲಿ ಮಗುವಿನ ಪಕ್ಕ ಕುಳಿತು ನೋಡಿ. ಶಿಕ್ಷಕರೇ ಇಡೀ ಹೊತ್ತು ಮಾತಾಡುತ್ತಿದ್ದರೆ ಆ ಸಂಸ್ಥೆಯನ್ನು ಬಿಟ್ಟುಬಿಡಿ.

ಈಗ ಓದುತ್ತಿರುವ ಶಾಲೆಯಿಂದ ಬಿಡಿಸುವಾಗ ಏನು ಮಾಡಬೇಕು?

ಹೇಳದೆ ಕೇಳದೆ ಕಳಿಸುವುದನ್ನು ನಿಲ್ಲಿಸಬೇಡಿ. ಹಾಗೆ ಮಾಡಿದರೆ ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಶಾಲೆ ಬಿಟ್ಟವರ ಪಟ್ಟಿಗೆ ಹೋಗುತ್ತದೆ. ವರ್ಷದ ಕೊನೆಗೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಅರ್ಜಿ ಕೊಟ್ಟು, ವರ್ಗಾವಣೆ ಪತ್ರ, ಅಂಕಪಟ್ಟಿಗಳು, ಮಗು ಅಲ್ಲಿ ಓದಿದ ಪ್ರತಿಯೊಂದು ವರ್ಷದ ವ್ಯಾಸಂಗ ಪ್ರಮಾಣಪತ್ರ ಇವನ್ನು ಪಡೆದುಕೊಳ್ಳಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಆಗಲೇ ಮಾಡಿಸಿಡಿ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ವರ್ಗಾವಣೆ ಪತ್ರದಲ್ಲಿ ಹೆಸರು, ಹುಟ್ಟಿದ ದಿನಾಂಕ, ಜಾತಿ ಇವು ಆಧಾರ್ ಮತ್ತು ಜನನ ಪ್ರಮಾಣಪತ್ರಕ್ಕೆ ಹೊಂದುತ್ತವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಬೇಕು. ನಮ್ಮ ಭಾಗದಲ್ಲಿ ತಂದೆಯ ಹೆಸರು ಒಂದರಲ್ಲಿ ‘ಹನುಮಂತಪ್ಪ’ ಎಂದೂ ಇನ್ನೊಂದರಲ್ಲಿ ‘ಹನುಮಪ್ಪ’ ಎಂದೂ ಬಿದ್ದು, ಮುಂದೆ ಅದನ್ನು ಸರಿಪಡಿಸಲು ಅಲೆದಾಡುವ ಕುಟುಂಬಗಳು ಕಡಿಮೆಯಿಲ್ಲ.

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಶಿಕ್ಷಣ ಇಲಾಖೆಯವರು ಮನೆಗೆ ಬಂದು ವಿಚಾರಿಸಿದರೆ?

ಬಾಗಿಲು ತೆರೆದು, ಕೂರಿಸಿ, ಮಗುವಿನ ಪುಸ್ತಕಗಳನ್ನು ತೋರಿಸಿ. ಇದು ಬಹಳ ಮುಖ್ಯ. ಹತ್ತಿ ಬಿಡಿಸಲು, ಮೆಣಸಿನಕಾಯಿ ಆರಿಸಲು ಮಕ್ಕಳು ಹೊಲಕ್ಕೆ ಹೋಗುವ, ಗುಳೆ ಹೋದ ತಂದೆತಾಯಿಯ ಹಿಂದೆ ಓದು ಬಿಟ್ಟು ಹೊರಡುವ, ಹೈಸ್ಕೂಲು ಮುಗಿಯುವ ಮೊದಲೇ ಹೆಣ್ಣುಮಕ್ಕಳಿಗೆ ಮದುವೆ ಗೊತ್ತುಮಾಡುವ ಜಿಲ್ಲೆಗಳು ನಮ್ಮವು. ಶಾಲೆಯ ಹೊತ್ತಿನಲ್ಲಿ ಮನೆಯಲ್ಲಿರುವ ಮಗುವನ್ನು ಕಂಡಾಗ ಅಧಿಕಾರಿಗೆ ಅನುಮಾನ ಬರಬೇಕು. ಬರದಿದ್ದರೆ ಅವರು ತಮ್ಮ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಆ ಅನುಮಾನವನ್ನು ಪಾಲಕರು ಅವಮಾನವೆಂದು ತಿಳಿಯದೆ, ತಮ್ಮ ಮಗು ನಿಜವಾಗಿ ಕಲಿಯುತ್ತಿದೆ ಎಂಬುದನ್ನು ತೋರಿಸಿ ತೀರಿಸಬೇಕು. ಅವರು ಕೇಳುವ ಮುಂಚೆಯೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಒಂದು ಪತ್ರ ಕೊಟ್ಟು, ಮಗುವನ್ನು ಮನೆಯಲ್ಲಿ ಯಾವ ಕ್ರಮದಲ್ಲಿ ಓದಿಸುತ್ತಿದ್ದೀರಿ, ಯಾವ ಮಂಡಳಿಯ ಪರೀಕ್ಷೆಗೆ ಸಿದ್ಧಗೊಳಿಸುತ್ತಿದ್ದೀರಿ ಎಂಬುದನ್ನು ತಿಳಿಸಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದು ಉತ್ತಮ. ಆ ಮೊಹರು ಅನುಮತಿಯಲ್ಲ. ನೀವು ಏನನ್ನೂ ಮುಚ್ಚಿಟ್ಟಿಲ್ಲ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಯಾವ ದಾಖಲೆಗಳನ್ನು ಇಡಬೇಕು?

ದಿನಾಂಕ ಹಾಕಿದ ಪಾಠದ ದಿನಚರಿ, ಮಗುವಿನ ಕೈಬರಹದ ನೋಟ್‌ಬುಕ್ಕುಗಳು, ಆನ್‌ಲೈನ್ ಸಂಸ್ಥೆಯ ದಾಖಲಾತಿ ಪತ್ರ ಮತ್ತು ಅಂಕವರದಿಗಳ ಮುದ್ರಿತ ಪ್ರತಿ, ಲಸಿಕೆಯ ಕಾರ್ಡು. ಇಷ್ಟು ಒಂದು ಫೈಲಿನಲ್ಲಿದ್ದರೆ ಸಾಕು.

ಹತ್ತನೆಯ ತರಗತಿಯ ಪರೀಕ್ಷೆಯನ್ನು ಹೇಗೆ ಬರೆಸಬೇಕು?

ಮನೆಶಾಲೆಯ ಹೆಚ್ಚಿನ ಮಕ್ಕಳು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯ ಪ್ರಮಾಣಪತ್ರ ಇತರ ಮಂಡಳಿಗಳ ಪ್ರಮಾಣಪತ್ರಕ್ಕೆ ಸಮಾನವಾದುದು. ಚಿಕ್ಕ ಮಕ್ಕಳಿಗಾಗಿ ಇದರಲ್ಲಿ ಎ, ಬಿ, ಸಿ ಎಂಬ ಹಂತಗಳಿವೆ. ಅವು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿ ಹಂತಕ್ಕೆ 14 ವರ್ಷ ತುಂಬಿರಬೇಕು, ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ. ಒಮ್ಮೆ ಮಾಡಿದ ನೋಂದಣಿ ಐದು ವರ್ಷ ಊರ್ಜಿತವಾಗಿರುವುದರಿಂದ ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಕನ್ನಡವನ್ನೂ ಸಂಸ್ಕೃತವನ್ನೂ ಭಾಷಾ ವಿಷಯಗಳಾಗಿ ಆರಿಸಿಕೊಳ್ಳಬಹುದು. ಶಾಸ್ತ್ರೀಯ ಓದಿನ ಮಗುವಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಇನ್ನೊಂದು ದಾರಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಆಯಾ ವರ್ಷದ ಅಧಿಸೂಚನೆಯಲ್ಲಿ ವಯಸ್ಸಿನ ನಿಬಂಧನೆ ಮತ್ತು ಅರ್ಜಿಯ ಕೊನೆಯ ದಿನಾಂಕ ಇರುತ್ತವೆ. ಮುಂದೆ ಊರಿನಲ್ಲೇ ಪಿಯು ಕಾಲೇಜಿಗೆ ಸೇರಿಸುವ ಮನಸ್ಸಿದ್ದರೆ ನಮ್ಮ ದೃಷ್ಟಿಯಲ್ಲಿ ಇದೇ ಸುಗಮ. ಬೇರೆ ಮಂಡಳಿಯಿಂದ ಬಂದವರು ಅರ್ಹತಾ ಪತ್ರ ತರಬೇಕಾಗುತ್ತದೆ, ಎಸ್‌ಎಸ್‌ಎಲ್‌ಸಿಯವರಿಗೆ ಆ ಓಡಾಟವಿಲ್ಲ.

ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ತೊಂದರೆಯಾಗುತ್ತದೆಯೇ? ಸಂವಿಧಾನದ 371ಜೆ ವಿಧಿಯಡಿ ನಮಗಿರುವ ಮೀಸಲಾತಿ ಏನಾಗುತ್ತದೆ?

ಪಾಲಕರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಆದರೆ ಸಾಮಾನ್ಯವಾಗಿ ಮಗು ಹದಿನಾರಕ್ಕೆ ಕಾಲಿಟ್ಟ ಮೇಲೆ ಇದು ನೆನಪಾಗುತ್ತದೆ.

ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಹೆಚ್ಚಿನ ವಿದ್ಯಾರ್ಥಿಗಳು ಬಳಸುವ ಅರ್ಹತೆಯೆಂದರೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ರಾಜ್ಯದಲ್ಲಿ ಓದಿರುವುದು. ಅದನ್ನು ಸಾಬೀತುಮಾಡುವುದು ಶಾಲೆಗಳು ಕೊಡುವ ವ್ಯಾಸಂಗ ಪ್ರಮಾಣಪತ್ರ. ಮನೆಯಲ್ಲಿ ಓದಿದ ವರ್ಷಗಳಿಗೆ ಆ ಪ್ರಮಾಣಪತ್ರವನ್ನು ಯಾವ ಶಾಲೆ ಕೊಡಬೇಕು? ವಿದೇಶದ ಆನ್‌ಲೈನ್ ಸಂಸ್ಥೆಯ ಕಾಗದ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಮಗು ಶಾಲೆಯಲ್ಲಿ ಎಷ್ಟು ವರ್ಷ ಕಳೆದಿದೆ, ಮುಂದೆ ಪಿಯು ಸೇರಿದರೆ ಎಷ್ಟಾಗುತ್ತದೆ ಎಂದು ಈಗಲೇ ಕೂಡಿಸಿ ನೋಡಿ. ಐದನೆಯ ತರಗತಿಯವರೆಗೆ ಶಾಲೆಯಲ್ಲಿ ಓದಿ, ನಡುವಿನ ವರ್ಷಗಳಲ್ಲಿ ಮನೆಯಲ್ಲಿದ್ದು, ಮತ್ತೆ ಎರಡು ವರ್ಷ ಪಿಯು ಕಾಲೇಜಿಗೆ ಹೋದ ಮಗುವಿಗೆ ಏಳು ವರ್ಷ ಸರಿಯಾಗಿ ಸಿಗುತ್ತದೆ. ಮೂರನೆಯ ತರಗತಿಗೇ ಬಿಡಿಸಿದರೆ ಸಿಗುವುದಿಲ್ಲ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳ ವಿಷಯ ಇನ್ನೂ ಕಟುವಾದದ್ದು. ಸಿಇಟಿಯಲ್ಲಿ ಮೊದಲನೆಯದು ಶೇ 15, ಎರಡನೆಯದು ಶೇ 5. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಓದನ್ನು ಶಾಲೆಯ ದಾಖಲೆಯಿಂದಲೇ ತೋರಿಸಬೇಕು. ಕುಷ್ಟಗಿಯ ಅಥವಾ ಸಿರುಗುಪ್ಪದ ಹಳ್ಳಿಯೊಂದರ ಮಗುವನ್ನು ಮನೆಶಾಲೆಗೆ ತಂದ ದಿನವೇ ಈ ಎರಡೂ ಸೌಲಭ್ಯಗಳನ್ನು ಬಿಟ್ಟುಕೊಟ್ಟಂತೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಮೊದಲ ಪೀಳಿಗೆಯ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ. ಅಂಥ ಮನೆಯವರಿಗೆ ನಾವು ಶಾಲೆಯನ್ನು ಬಿಡಿಸದೆ ಸಂಜೆಯ ಒಂದೆರಡು ಆನ್‌ಲೈನ್ ವಿಷಯಗಳನ್ನು ಮಾತ್ರ ತೆಗೆದುಕೊಳ್ಳಿ ಎಂದೇ ಹೇಳುತ್ತೇವೆ.

371ಜೆ ಮಾತು ಬೇರೆ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಬಂದ ಈ ವಿಶೇಷ ಸ್ಥಾನಮಾನದ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಇಲ್ಲಿನ ಸ್ಥಳೀಯರಿಗೆ ಮೀಸಲು. ಸ್ಥಳೀಯ ವ್ಯಕ್ತಿ ಎಂಬ ಅರ್ಹತೆ ನಿಂತಿರುವುದು ಹುಟ್ಟು ಮತ್ತು ವಾಸದ ಮೇಲೆ, ಶಾಲೆಯ ಮೇಲಲ್ಲ. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಹೀಗಾಗಿ ಮನೆಯಲ್ಲಿ ಓದಿದ ಮಗುವಿಗೂ ಆ ಪ್ರಮಾಣಪತ್ರ ಸಿಗುತ್ತದೆ. ಆದರೆ ಸಿಇಟಿಯ ಮೂಲ ಅರ್ಹತೆಯೇ ಇಲ್ಲದಿದ್ದರೆ ಅದನ್ನು ಕೈಯಲ್ಲಿ ಹಿಡಿದು ಪ್ರಯೋಜನವಿಲ್ಲ.

ಅಖಿಲ ಭಾರತ ಮಟ್ಟದಲ್ಲಿ ಬಾಗಿಲು ತೆರೆದಿದೆ. ಐದು ವಿಷಯಗಳೊಂದಿಗೆ ಎನ್‌ಐಒಎಸ್ ಹಿರಿಯ ಸೆಕೆಂಡರಿ ಮುಗಿಸಿದವರು ಜೆಇಇ ಬರೆಯಬಹುದು. ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಡುವ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಮಾಡಿದ ಮೇಲೆ ಅವರಿಗೆ ವೈದ್ಯಕೀಯದ ದಾರಿಯೂ ತೆರೆಯಿತು.

ಆನ್‌ಲೈನ್ ಸಂಸ್ಥೆ ಕೊಡುವ ಅಮೆರಿಕದ ಡಿಪ್ಲೊಮಾ ಒಂದೇ ಸಾಕಾಗುವುದಿಲ್ಲವೇ?

ಅದೊಂದನ್ನೇ ನಂಬಬೇಡಿ. ಅಲ್ಲಿ ಖಾಸಗಿ ಸಂಸ್ಥೆಗಳು ಕೊಡುವ ಮಾನ್ಯತೆ ಅಲ್ಲಿನ ಕಾಲೇಜುಗಳಿಗೆ ನೆರವಾಗುತ್ತದೆ. ಇಲ್ಲಿ ಸಮಾನತೆಯ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು, ಆನ್‌ಲೈನ್ ಓದಿಗೆ ಅದು ತಾನಾಗಿಯೇ ಸಿಗುವಂಥದ್ದಲ್ಲ. ಮಗು ವಿದೇಶದಲ್ಲೇ ಓದುವುದೆಂದು ಖಚಿತವಾಗಿದ್ದರೂ ಜೊತೆಗೊಂದು ಭಾರತೀಯ ಮಂಡಳಿಯ ಪ್ರಮಾಣಪತ್ರ ಇರಲಿ.

ತರಗತಿಯ ಹೊತ್ತು ನಮಗೆ ಹೊಂದುತ್ತದೆಯೇ?

ಅಮೆರಿಕದ ಪೂರ್ವ ತೀರದ ಬೆಳಿಗ್ಗೆ 9 ಗಂಟೆ ಎಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ 6.30, ಚಳಿಗಾಲದಲ್ಲಿ 7.30. ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ಆ ವಾರಗಳಲ್ಲಿ ಮಕ್ಕಳು ತರಗತಿ ತಪ್ಪಿಸಿಕೊಳ್ಳುವುದು ಸಾಮಾನ್ಯ. ಅಲ್ಲಿನ ಮಧ್ಯಾಹ್ನ 1 ಗಂಟೆಯ ತರಗತಿ ನಮಗೆ ರಾತ್ರಿ 10.30 ಅಥವಾ 11.30ಕ್ಕೆ ಬೀಳುತ್ತದೆ. ಹತ್ತು ವರ್ಷದ ಮಗುವನ್ನು ಅಷ್ಟು ಹೊತ್ತಿನವರೆಗೆ ಎಬ್ಬಿಸಿ ಕೂರಿಸುವುದು ಓದಲ್ಲ, ಶಿಕ್ಷೆ. ಅಲ್ಲಿನ ಬೆಳಗಿನ ಸರದಿಯ ತರಗತಿಗಳು ಮಾತ್ರ ನಮಗೆ ಹೊಂದುತ್ತವೆ. ನಲವತ್ತು ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳ ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಸಂಜೆಯ ಓದು ಅನುಕೂಲವೇ. ಕರೆಂಟ್ ಹೋದರೂ ರೂಟರ್ ನಡೆಯುವಂತೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಂಡರೆ ಸಾಕು.

ಹೋಮರ್, ಪ್ಲೇಟೊ ಓದುವ ಮಗುವಿಗೆ ಕನ್ನಡ ತಪ್ಪಿಹೋಗುವುದಿಲ್ಲವೇ?

ಪಾಲಕರು ಸುಮ್ಮನಿದ್ದರೆ ಖಂಡಿತ ತಪ್ಪಿಹೋಗುತ್ತದೆ. ಆದರೆ ಇದನ್ನು ಬರಿಯ ಆತಂಕವಾಗಿ ಬಿಡಬಾರದು, ಏಕೆಂದರೆ ಶಾಸ್ತ್ರೀಯ ಓದಿಗೆ ನಮ್ಮ ಮೂರು ಜಿಲ್ಲೆಗಳಷ್ಟು ಸಮೃದ್ಧವಾದ ನೆಲ ಹೆಚ್ಚಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿಯೇ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಓದಿಗೆ ದಕ್ಕಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಗಳಲ್ಲಿ ಅದೇ ಚಕ್ರವರ್ತಿಯ ಶಾಸನಗಳಿವೆ. 1112ರ ಇಟಗಿಯ ಮಹಾದೇವ ದೇವಾಲಯವನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ರೋಮಿನ ಶಾಸನವನ್ನು ಪರದೆಯ ಮೇಲೆ ಓದುವ ಮಗು ಪಾಲ್ಕಿಗುಂಡಿನ ಬಂಡೆ ಹತ್ತಿ ಬ್ರಾಹ್ಮೀ ಅಕ್ಷರದ ಮೇಲೆ ಕಣ್ಣಾಡಿಸಿದರೆ, ತಾನು ಓದುತ್ತಿರುವುದು ದೂರದವರ ಕಥೆಯಲ್ಲ ಎಂಬುದು ಅದಕ್ಕೆ ಯಾರೂ ಹೇಳದೆಯೇ ತಿಳಿಯುತ್ತದೆ.

ವಾರದಲ್ಲಿ ಮೂರು ದಿನವಾದರೂ ಹಳಗನ್ನಡ, ನಡುಗನ್ನಡದ ಪದ್ಯಗಳನ್ನು ಗಟ್ಟಿಯಾಗಿ ಓದಿಸಿ, ಛಂದಸ್ಸಿನ ಪ್ರಸ್ತಾರ ಹಾಕಿಸಿ. ಲ್ಯಾಟಿನ್ ವಿಭಕ್ತಿಗಳನ್ನು ಕಲಿಯುವ ಮಗುವಿಗೆ ಕನ್ನಡದ ವಿಭಕ್ತಿಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳನ್ನು ಹಾಡಿಕೊಂಡು ಬಂದ ಅಜ್ಜಿಯರು ಮನೆಯಲ್ಲಿದ್ದರೆ ಬಾಯಿಪಾಠಕ್ಕೆ ಬೇರೆ ಶಿಕ್ಷಕರು ಬೇಕಿಲ್ಲ.

ಈ ಸಂಸ್ಥೆಗಳಲ್ಲಿ ಧರ್ಮದ ಪಾಠ ಇರುತ್ತದೆಯೇ?

ಅಮೆರಿಕದ ಶಾಸ್ತ್ರೀಯ ಸಂಸ್ಥೆಗಳಲ್ಲಿ ಹಲವು ಕ್ರೈಸ್ತ ನಂಬಿಕೆಯ ಮೇಲೆ ಕಟ್ಟಿದಂಥವು, ಅದನ್ನು ಅವು ಮುಚ್ಚಿಡುವುದೂ ಇಲ್ಲ. ಧರ್ಮನಿರಪೇಕ್ಷವಾದವುಗಳೂ ಇವೆ. ಪಠ್ಯಕ್ರಮವನ್ನು ಪೂರ್ತಿ ತರಿಸಿ ಓದಿ, ಯಾವ ವಿಷಯ ಕಡ್ಡಾಯ, ಯಾವುದು ಐಚ್ಛಿಕ ಎಂದು ಬರಹದಲ್ಲಿ ಕೇಳಿ.

ಖರ್ಚು?

ಶುಲ್ಕ ಡಾಲರ್‌ನಲ್ಲಿ, ವಿಷಯವಾರು ಇರುತ್ತದೆ. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಮತ್ತು ಪುಸ್ತಕಗಳ ಸಾಗಣೆಯನ್ನು ಸೇರಿಸಿ ಲೆಕ್ಕ ಹಾಕಿ. ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಮೊದಲೇ ಓದಿಕೊಳ್ಳಿ. ಎಲ್ಲ ವಿಷಯಗಳನ್ನೂ ಅಲ್ಲಿಂದಲೇ ತೆಗೆದುಕೊಳ್ಳಬೇಕಿಲ್ಲ. ತರ್ಕ ಮತ್ತು ಸಾಹಿತ್ಯ ಅಲ್ಲಿ, ಗಣಿತ ಮತ್ತು ವಿಜ್ಞಾನ ಇಲ್ಲಿಯ ಪಠ್ಯದಲ್ಲಿ ಎಂದು ಹಂಚಿಕೊಂಡರೆ ಮಂಡಳಿ ಪರೀಕ್ಷೆಗೂ ಅನುಕೂಲ.

ಮಗುವಿಗೆ ಜೊತೆಗಾರರು ಸಿಗುತ್ತಾರೆಯೇ?

ಪರದೆಯ ಗೆಳೆತನ ಸಾಲದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಜಿಲ್ಲಾ ಕ್ರೀಡಾಂಗಣ, ಸಂಗೀತ ಅಥವಾ ಬಯಲಾಟದ ತಾಲೀಮು ಇಂಥಲ್ಲಿ ಓಣಿಯ ಮಕ್ಕಳೊಡನೆ ದಿನವೂ ಬೆರೆಯುವ ಏರ್ಪಾಡು ಮಾಡಿ. ಸಂಜೆ ತರಗತಿ ಇರುವುದರಿಂದ ಆಟದ ಹೊತ್ತೇ ಹಾರಿಹೋಗುವ ಅಪಾಯ ಉಂಟು. ಐದರಿಂದ ಆರೂಕಾಲರವರೆಗಿನ ಹೊತ್ತನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಇದು ಒಗ್ಗದಿದ್ದರೆ ಮತ್ತೆ ಶಾಲೆಗೆ ಸೇರಿಸಬಹುದೇ?

ಸೇರಿಸಬಹುದು. ಶಾಲೆಯಿಂದ ಹೊರಗಿದ್ದ 6 ವರ್ಷ ಮೇಲ್ಪಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಉಳಿದ ಮಕ್ಕಳಿಗೆ ಸಮನಾಗಲು ವಿಶೇಷ ತರಬೇತಿ ಕೊಡಬೇಕು, ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತವಾಗಿ ಓದಿಸಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ. ಊರಿನ ಸರ್ಕಾರಿ ಶಾಲೆಗೆ ವರ್ಗಾವಣೆ ಪತ್ರ, ಎಸ್‌ಎಟಿಎಸ್ ಸಂಖ್ಯೆ ಮತ್ತು ಮನೆಪಾಠದ ಫೈಲು ಹಿಡಿದು ಹೋಗಿ. ಒಂಬತ್ತು ಮತ್ತು ಹತ್ತನೆಯ ತರಗತಿಗೆ ಈ ರಕ್ಷಣೆ ಇಷ್ಟು ಸ್ಪಷ್ಟವಾಗಿಲ್ಲ; ಮರಳಿಸುವ ಯೋಚನೆ ಇದ್ದರೆ ಎಂಟನೆಯ ತರಗತಿಯ ಒಳಗೇ, ಜೂನ್ ತಿಂಗಳ ದಾಖಲಾತಿಯ ಹೊತ್ತಿಗೆ ಮರಳಿಸಿ.